ಚಿಕ್ಕವ್ವ ಮತ್ತು ಮೊಲಗಳು

ಕಳೆದ ತಿಂಗಳು ಒಂದು ಸಂಜೆ ಬಂಕಾಪುರದ ಕಡೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. 1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಈಗ ಎರಡೆಕರೆ ಹೊಲ, ಒಂದು ಕಿರಾಣಿ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿದ್ದಾನೆ. ಕುಶಲ ವಿಚಾರಿಸಿದ ಮೇಲೆ ತುಸು ನಾಚುತ್ತ ವಿಷಯಕ್ಕೆ ಬಂದ.

"ಸರ್, ನಿಮ್ಮಂಗ ನಾನೂ ಮೊಲಾ ಸಾಕೀನ್ರಿ. ಆದ್ರ ಹೆಣ್ಣು ಗಂಡನ್ನ ಹತ್ರ ಬಿಟ್ಟುಕೊಳ್ಳವಲ್ದರಿ. ಮೈಮ್ಯಾಲೇ ಏರಿ ಹೋಗತೈತಿ. ನಿನ್ನೆ ಅದರ ಕಿವಿ ಹರದ ಹಾಕೇತಿ."

"ಯಾವುದನ್ನ ಯಾವುದರ ಗೂಡಿಗೆ ಬಿಟ್ಟಿದ್ದಿ?" ಎಂದು ಕೇಳಿದೆ.

"ಗಂಡನ್ನ ಹೆಣ್ಣಿನ ಗೂಡಿಗೆ ಬಿಟ್ಟಿದ್ನಿರಿ."

ಅಲ್ಲಿಯೇ ತಪ್ಪಾಗಿತ್ತು. ಹೆಣ್ಣು ಮೊಲಕ್ಕೆ ತನ್ನ ಗೂಡೆಂದರೆ ತನ್ನ ರಾಜ್ಯ. ಗದ್ದದ ಕೆಳಗಿನ ಗ್ರಂಥಿಯನ್ನು ತಂತಿಗೆ, ತಟ್ಟೆಗೆ, ಮೂಲೆಮೂಲೆಗೆ ತಿಕ್ಕಿ ವಾಸನೆಯ ಗುರುತು ಹಾಕಿಕೊಂಡಿರುತ್ತದೆ. ಅಲ್ಲಿಗೆ ಬಂದವನು ಯಾರೇ ಆದರೂ ವೈರಿ. ಆದ್ದರಿಂದ ಯಾವಾಗಲೂ ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ಕೆಲಸವಾದ ಕೂಡಲೇ ಅದನ್ನು ತನ್ನ ಗೂಡಿಗೆ ಮರಳಿ ತರಬೇಕು. ಇದನ್ನೆಲ್ಲ ಹೇಳಿದಾಗ ಅವನು ನಕ್ಕು, "ಅಂದ್ರ ಮದಿವಿ ಆದ ಹೆಣ್ಣು ಗಂಡನ ಮನಿಗೆ ಹೋದಂಗ ಅನ್ರಿ" ಎಂದ. ನಾನೂ ನಕ್ಕೆ. ಆದರೆ ದೂರವಾಣಿ ಕೆಳಗಿಟ್ಟ ಮೇಲೆ ನಗು ಉಳಿಯಲಿಲ್ಲ. ಇದೇ ಮಾತನ್ನು ಇದೇ ರೀತಿ ನಗುತ್ತ 1994ರಲ್ಲಿ ನಾನು ನಮ್ಮ ಹಿತ್ತಲಿನಲ್ಲಿ ಆಡಿದ್ದೆ. ಆಗ ನನ್ನ ಪಕ್ಕದಲ್ಲಿ ನಿಂತಿದ್ದವಳು ಚಿಕ್ಕವ್ವ.

ಚಿಕ್ಕವ್ವ ನನ್ನ ತಾಯಿಯ ತಂಗಿ. ಸಂಬಂಧಿಕರಿಗೆಲ್ಲ ಅವಳು ಗೊತ್ತು. ನನ್ನ ವಿದ್ಯಾರ್ಥಿಗಳಲ್ಲಿ ಮನೆಪಾಠಕ್ಕೆ ಬರುತ್ತಿದ್ದವರಿಗೆ ಅವಳು ಕೊಡುತ್ತಿದ್ದ ಶೇಂಗಾ ಉಂಡಿಯ ನೆನಪಾದರೂ ಇದ್ದೀತು. ನಮ್ಮ ಮನೆಯಲ್ಲಿ ಮೊಲಗಳಿದ್ದುದು 1993ರಿಂದ 1998ರವರೆಗೆ, ಐದು ವರ್ಷ. ಆ ಐದು ವರ್ಷಗಳಲ್ಲಿ ಅವುಗಳ ಯಜಮಾನ ನಾನೆಂದು ಊರು ತಿಳಿದಿತ್ತು. ನಿಜವಾಗಿ ಅವುಗಳನ್ನು ಬಲ್ಲವಳು ಅವಳು.

ಮೊಲ ಸಾಕುವ ಹುಚ್ಚು ನನಗೆ ಹತ್ತಿದ್ದು ಗಣಿತದ ಮೂಲಕ. ಹತ್ತನೆಯ ತರಗತಿಗೆ ಗಣಿತ, ವಿಜ್ಞಾನ ಎರಡನ್ನೂ ಹೇಳುತ್ತಿದ್ದೆನಲ್ಲ, ಶ್ರೇಢಿಗಳ ಪಾಠಕ್ಕೆ ಬಂದಾಗ ಫಿಬೊನಾಚಿಯ ಕಥೆ ಹೇಳುವುದು ನನ್ನ ರೂಢಿ. ಇಟಲಿಯ ಈ ಗಣಿತಜ್ಞ 1202ರಲ್ಲಿ ಬರೆದ ಗ್ರಂಥದಲ್ಲಿ ಒಂದು ಲೆಕ್ಕವಿದೆ. ಒಂದು ಜೋಡಿ ಮೊಲವನ್ನು ಗೋಡೆಯೊಳಗೆ ಕೂಡಿಹಾಕಿದರೆ, ಪ್ರತಿ ಜೋಡಿಯೂ ತಿಂಗಳಿಗೊಂದು ಹೊಸ ಜೋಡಿಯನ್ನು ಈಯುತ್ತ, ಹೊಸ ಜೋಡಿ ಎರಡನೆಯ ತಿಂಗಳಿನಿಂದ ತಾನೂ ಈಯುತ್ತ ಹೋದರೆ, ವರ್ಷದ ಕೊನೆಗೆ ಎಷ್ಟಾಗುತ್ತವೆ? ಉತ್ತರ 377 ಜೋಡಿ. (ಅವನಿಗಿಂತ ಅರ್ಧ ಶತಮಾನ ಮೊದಲೇ ನಮ್ಮ ಹೇಮಚಂದ್ರ ಇದೇ ಸಂಖ್ಯೆಗಳನ್ನು ಛಂದಸ್ಸಿನ ಲಘು ಗುರುಗಳನ್ನು ಎಣಿಸುತ್ತ ಕಂಡಿದ್ದನೆಂಬುದನ್ನು ಹೇಳದೆ ನಾನು ಯಾವ ತರಗತಿಯನ್ನೂ ಬಿಟ್ಟಿಲ್ಲ.) 1993ರ ತಂಡದಲ್ಲಿದ್ದ ಒಬ್ಬ ತುಂಟ ಎದ್ದು ನಿಂತು, "ಸರ್, ಖರೇನ ಹಿಂಗ ಆಗತೈತೇನ್ರಿ?" ಎಂದು ಕೇಳಿದ. ಆಗುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಹುಬ್ಬಳ್ಳಿಗೆ ಹೋಗಿ ಒಂದು ಜೋಡಿ ಬಿಳಿಯ ಮೊಲ ತಂದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಕನ್ನಡದಲ್ಲಿ ನಾವು ಎರಡು ಬೇರೆ ಪ್ರಾಣಿಗಳಿಗೆ ಮೊಲವೆಂಬ ಒಂದೇ ಹೆಸರನ್ನು ಕೊಟ್ಟಿದ್ದೇವೆ. ನಮ್ಮ ಹೊಲದ ಬದುಗಳಲ್ಲಿ, ಕುರುಚಲು ಕಾಡಿನಲ್ಲಿ ಚಂಗನೆ ಹಾರುವ ಕಾಡುಮೊಲ ಬೇರೆ, ಗೂಡಿನಲ್ಲಿ ಸಾಕುವ ಮೊಲ ಬೇರೆ. ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಸಾಕುಮೊಲದ ಮೂಲ ಸ್ಪೇನ್ ಪೋರ್ಚುಗಲ್ಲಿನ ಕಡೆಯದು. ಅದು ಬಿಲವಾಸಿ. ಅದರ ಮರಿ ಬೋಳುಮೈಯ, ಕಣ್ಣು ಮುಚ್ಚಿದ ಮಾಂಸದ ಮುದ್ದೆ. ಇವೆರಡಕ್ಕೂ ವರ್ಣತಂತುಗಳ ಸಂಖ್ಯೆಯೇ ಬೇರೆಯಾದ್ದರಿಂದ, ಕಾಡಿನದಕ್ಕೆ 48, ಸಾಕಿದ್ದಕ್ಕೆ 44, ಪರಸ್ಪರ ಸಂತಾನವಾಗುವುದಿಲ್ಲ. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡವಿದ್ದು, ಚಂದ್ರನಲ್ಲಿ ಕಾಣುವುದು ನಮ್ಮ ಕಾಡುಮೊಲ. ಅದನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಾನು ತಂದದ್ದು ಸಾಕುಮೊಲ.

ಮಾರಿದವನು ಒಂದು ಗಂಡು, ಒಂದು ಹೆಣ್ಣು ಎಂದು ಆಣೆ ಮಾಡಿ ಕೊಟ್ಟಿದ್ದ. ದಪ್ಪಗಿದ್ದುದಕ್ಕೆ ಗಂಡೆಂದು, ತೆಳ್ಳಗಿದ್ದುದಕ್ಕೆ ಹೆಣ್ಣೆಂದು ನಾವು ನಂಬಿದೆವು. ನನ್ನ ಮಗಳು ತೆಳ್ಳಗಿನದಕ್ಕೆ ಬೆಳ್ಳಿ ಎಂದು ಹೆಸರಿಟ್ಟಳು. ಹಿತ್ತಲಿನ ಬೇವಿನ ಮರದ ಕೆಳಗೆ ತಂತಿ ಜಾಳಿಗೆಯ ಗೂಡು ಸಿದ್ಧವಾಯಿತು. ಮೇವಿಗೆ ಸವಣೂರಿನಲ್ಲಿ ಕೊರತೆಯಿರಲಿಲ್ಲ. ಎಲೆತೋಟಗಳಲ್ಲಿ ವೀಳ್ಯದ ಬಳ್ಳಿ ಹಬ್ಬಿಸಲು ಬೆಳೆಸುವ ಚೊಗಚೆಯ ಸೊಪ್ಪು ಅವುಗಳಿಗೆ ಪ್ರಾಣ. ಅದರೊಡನೆ ಗರಿಕೆ, ಗಜ್ಜರಿಯ ಸೊಪ್ಪು, ಕಡಲೆಯ ಹೊಟ್ಟು.

ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ದಪ್ಪಗಿನದು ಬೆಳ್ಳಿಯ ಬೆನ್ನೇರಿದ್ದನ್ನು ಕಂಡೆ. ಶಾಲೆಗೆ ಹೋದವನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೊಲದ ಗರ್ಭಾವಧಿ 31 ದಿನವೆಂದು ಬೋರ್ಡಿನ ಮೇಲೆ ಬರೆದು, ಹೆರಿಗೆಯ ದಿನಾಂಕವನ್ನು ಇಡೀ ತರಗತಿಗೆ ಪ್ರಕಟಿಸಿದೆ. ಮಕ್ಕಳು ಎಷ್ಟು ಮರಿಯೆಂದು ಪಂದ್ಯ ಕಟ್ಟಿಕೊಂಡರು. ಹದಿನೇಳನೆಯ ದಿನ ಬೆಳ್ಳಿ ತನ್ನ ಎದೆಯ, ಹೊಟ್ಟೆಯ ತುಪ್ಪಳವನ್ನು ಬಾಯಿಂದ ಕಿತ್ತು ಕಿತ್ತು ಮೂಲೆಯಲ್ಲಿ ಒಟ್ಟತೊಡಗಿತು. ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಗೂಡಿನ ತುಂಬ ಓಡಾಡಿತು. ಮೃದುವಾದ, ಬಿಳಿಯ ಹಾಸಿಗೆಯೊಂದು ಎರಡು ದಿನಗಳಲ್ಲಿ ಸಿದ್ಧವಾಯಿತು. ಮರಿ ಬರಲಿಲ್ಲ. 31ನೆಯ ದಿನವೂ ಬರಲಿಲ್ಲ. 35ನೆಯ ದಿನ ತರಗತಿಯಲ್ಲಿ ತಲೆಯೆತ್ತಿ ಮಾತನಾಡುವುದು ನನಗೆ ಕಷ್ಟವಾಯಿತು.

ಆಗ ಸಹಾಯಕ್ಕೆ ಬಂದವರು ಒಬ್ಬ ಪಶುವೈದ್ಯರು. ಅವರು ಎರಡನ್ನೂ ಮಡಿಲಲ್ಲಿ ಅಂಗಾತ ಮಲಗಿಸಿ, ಬಾಲದ ಬುಡವನ್ನು ಎರಡು ಬೆರಳಿನಿಂದ ಮೃದುವಾಗಿ ಒತ್ತಿ ತೋರಿಸಿದರು. ಗಂಡಾದರೆ ದುಂಡನೆಯ ಚಿಕ್ಕ ನಳಿಕೆ ಹೊರಬರುತ್ತದೆ. ಹೆಣ್ಣಾದರೆ ಎಲೆಯಂತೆ ಉದ್ದನೆಯ ಸೀಳು. ನಮ್ಮಲ್ಲಿದ್ದವು ಎರಡೂ ಹೆಣ್ಣು. ಹೆಣ್ಣು ಹೆಣ್ಣಿನ ಬೆನ್ನೇರುವುದು ಮೊಲಗಳಲ್ಲಿ ಸಾಮಾನ್ಯ, ಅದು ಬಹುಮಟ್ಟಿಗೆ ಯಾರು ಮೇಲು ಎಂಬ ಜಗಳದ ಒಂದು ರೀತಿ.

"ಹಂಗಾದ್ರ ಮರೀನ ಇಲ್ದ ಇದು ಹಾಸಿಗಿ ಯಾಕ ಮಾಡ್ತು, ಡಾಕ್ಟರ್ರ?" ಎಂದು ಕೇಳಿದವಳು ಚಿಕ್ಕವ್ವ.

ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ಹೊಸತಾಗಿತ್ತು. ಆಕಳಿಗಾಗಲಿ ಮೇಕೆಗಾಗಲಿ ಇಷ್ಟು ದಿನಕ್ಕೊಮ್ಮೆ ಬೆದೆ ಎಂಬ ಲೆಕ್ಕವುಂಟು. ಬೆದೆಗೆ ಬಂದಾಗ ಅಂಡ ತಾನಾಗಿಯೇ ಬಿಡುಗಡೆಯಾಗುತ್ತದೆ. ಮೊಲಕ್ಕೆ ಅಂಥ ನಿಯತ ಚಕ್ರವಿಲ್ಲ. ಅಂಡ ಸಿದ್ಧವಾಗಿ ಕಾದಿರುತ್ತದೆ, ಕೂಡಿದ ಪ್ರಚೋದನೆಯಿಂದ ಮಾತ್ರ, ಸುಮಾರು ಹತ್ತು ಹನ್ನೆರಡು ತಾಸಿನ ನಂತರ ಬಿಡುಗಡೆಯಾಗುತ್ತದೆ. ಇಂಗ್ಲೆಂಡಿನ ವಾಲ್ಟರ್ ಹೀಪ್ ಎಂಬ ವಿಜ್ಞಾನಿ 1905ರಲ್ಲಿಯೇ ಇದನ್ನು ಪ್ರಕಟಿಸಿದ್ದ. ಬೆಕ್ಕು, ಒಂಟೆಗಳದೂ ಇದೇ ಬಗೆ. ಬೆನ್ನೇರಿದ್ದು ಇನ್ನೊಂದು ಹೆಣ್ಣೇ ಆಗಿದ್ದರೂ ಆ ಪ್ರಚೋದನೆ ಸಾಕು. ಅಂಡ ಹೊರಬರುತ್ತದೆ, ಬೀಜ ಸಿಕ್ಕದೆ ಕರಗುತ್ತದೆ, ಆದರೆ ದೇಹಕ್ಕೆ ಅದು ತಿಳಿಯುವುದಿಲ್ಲ. ಹದಿನಾರು ಹದಿನೆಂಟು ದಿನ ತಾನು ಬಸುರಿಯೆಂದೇ ನಡೆದುಕೊಂಡು, ಗೂಡು ಕಟ್ಟಿ, ಆಮೇಲೆ ಸುಮ್ಮನಾಗುತ್ತದೆ. ಇದನ್ನು ಹುಸಿ ಬಸಿರು ಎನ್ನುತ್ತಾರೆ.

ಚಿಕ್ಕವ್ವ ಏನೂ ಮಾತನಾಡಲಿಲ್ಲ. ಬೆಳ್ಳಿ ಒಟ್ಟಿದ್ದ ತುಪ್ಪಳವನ್ನು ನಾನು ಎಸೆಯಹೋದಾಗ ಮಾತ್ರ, "ಇರಲಿ ತಮ್ಮಾ, ಮುಂದ ಬೇಕಾಗತೈತಿ" ಎಂದು ತೆಗೆದು ಒಂದು ಡಬ್ಬಿಯಲ್ಲಿ ಇಟ್ಟಳು.

ಮಳೆಗಾಲದ ಹೊತ್ತಿಗೆ ನಿಜವಾದ ಗಂಡೊಂದನ್ನು, ಈ ಸಲ ಬಾಲ ಒತ್ತಿ ನೋಡಿಯೇ, ತಂದೆ. ಏಳು ತಿಂಗಳಿನದು, ಬೂದು ಬಣ್ಣದ್ದು. ಹೆಣ್ಣಿಗಾದರೆ ಐದಾರು ತಿಂಗಳು ತುಂಬಿರಬೇಕು, ಗಂಡಿಗೆ ಇನ್ನೊಂದು ತಿಂಗಳು ಹೆಚ್ಚೇ ಇರಲಿ. ಹೆಣ್ಣು ಒಪ್ಪುವ ದಿನವನ್ನು ತಿಳಿಯುವ ಬಗೆಯನ್ನೂ ವೈದ್ಯರು ಕಲಿಸಿಕೊಟ್ಟಿದ್ದರು. ಆ ದಿನ ಅದು ಗದ್ದವನ್ನು ತಟ್ಟೆಗೆ ತಿಕ್ಕುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ, ಬೆನ್ನ ಮೇಲೆ ಕೈಯಾಡಿಸಿದರೆ ಹಿಂಭಾಗವನ್ನು ಎತ್ತುತ್ತದೆ. ಜನನಾಂಗದ ತುಟಿ ಬಿಳಚಿಕೊಂಡಿದ್ದರೆ ಒಯ್ಯುವುದು ವ್ಯರ್ಥ. ಕೆಂಪಗೆ, ತುಸು ಊದಿಕೊಂಡು ನೇರಳೆಯತ್ತ ತಿರುಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತದೆ. ಕೊಬ್ಬಿದ ಹೆಣ್ಣು ಒಪ್ಪುವುದು ಕಡಿಮೆ, ಒಪ್ಪಿದರೂ ಗರ್ಭ ನಿಲ್ಲುವುದು ಕಡಿಮೆ. ನಾವು ಪ್ರೀತಿಯಿಂದ ಹಾಕುತ್ತಿದ್ದ ಮೆಕ್ಕೆಜೋಳವನ್ನು ಅಂದಿನಿಂದ ನಿಲ್ಲಿಸಿದೆವು.

ಬೆಳ್ಳಿಯನ್ನು ಎತ್ತಿ ಗಂಡಿನ ಗೂಡಿಗೆ ಬಿಡುವಾಗ ನಾನು ಚಿಕ್ಕವ್ವನತ್ತ ತಿರುಗಿ, "ನೋಡು, ಹೆಣ್ಣು ಗಂಡನ ಮನಿಗೆ ಹೊಂಟ್ತು" ಎಂದು ನಕ್ಕೆ. ಅವಳು ನಗಲಿಲ್ಲ. "ಕೆಲಸ ಮುಗದ ಕೂಡಲೇ ತಿರುಗಿ ಕರಕೊಂಡು ಬಾ. ಅಲ್ಲೇ ಬಿಡಬ್ಯಾಡ" ಎಂದಳು. ಪಶುಪಾಲನೆಯ ಸೂಚನೆಯೂ ಅದೇ ಆದ್ದರಿಂದ ನನಗೆ ಬೇರೇನೂ ಹೊಳೆಯಲಿಲ್ಲ.

ಆ ಕೂಡುವಿಕೆ ನೋಡಲು ವಿಚಿತ್ರ. ಗಂಡು ಮೂಸುತ್ತ ಸುತ್ತುತ್ತದೆ. ಹೆಣ್ಣು ಒಂದೆರಡು ಸುತ್ತು ಓಡಿ, ಆಮೇಲೆ ನೆಲಕ್ಕೆ ಮೈ ಚಾಚಿ ಹಿಂಭಾಗವನ್ನೆತ್ತಿ ನಿಲ್ಲುತ್ತದೆ. ಎಲ್ಲವೂ ಕೆಲವೇ ಕ್ಷಣಗಳು. ಮುಗಿದೊಡನೆ ಗಂಡು ಒಂದು ಸಣ್ಣ ಕೂಗು ಹಾಕಿ, ಪಕ್ಕಕ್ಕೆ ದೊಪ್ಪನೆ ಬಿದ್ದುಬಿಡುತ್ತದೆ. ಮೊದಲ ಸಲ ನೋಡಿದವನು ಸತ್ತೇಹೋಯಿತೆಂದು ಗಾಬರಿಯಾಗುವಂತೆ ಬೀಳುತ್ತದೆ. ಹಾಗೆ ಬಿದ್ದರೆ ಕೆಲಸವಾಯಿತೆಂದು ಅರ್ಥ. ಬೀಳದಿದ್ದರೆ ಆಗಿಲ್ಲ. ಕೆಲವರು ಐದಾರು ತಾಸು ಬಿಟ್ಟು ಇನ್ನೊಮ್ಮೆ ಕೂಡಿಸುತ್ತಾರೆ. ಅಂಡ ಬಿಡುಗಡೆಯಾಗುವ ಹೊತ್ತನ್ನು ನೆನಪಿಸಿಕೊಂಡರೆ ಅದರ ಕಾರಣ ತಿಳಿಯುತ್ತದೆ. ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ "ಮನೆಯಲ್ಲಿ ಓದಿಕೊಂಡು ಬನ್ನಿ" ಎಂದು ಪುಟ ಮಗುಚುತ್ತಿದ್ದ ಅಧ್ಯಾಪಕ ನಾನು. ನನ್ನ ಎಷ್ಟೋ ವಿದ್ಯಾರ್ಥಿನಿಯರು ಇದನ್ನು ಓದುತ್ತ ನಗುತ್ತಿರಬಹುದು. ಆ ಪಾಠವನ್ನು ನಾನು ಸಂಕೋಚವಿಲ್ಲದೆ, ಪೂರ್ತಿಯಾಗಿ ಹೇಳತೊಡಗಿದ್ದು 1995ರ ನಂತರ.

31ನೆಯ ದಿನ ಬೆಳಗಿನ ಜಾವ ಬೆಳ್ಳಿ ಆರು ಮರಿ ಹಾಕಿತು. 28ನೆಯ ದಿನ ಇಟ್ಟಿದ್ದ ಮರದ ಪೆಟ್ಟಿಗೆಯಲ್ಲಿ ಭತ್ತದ ಹುಲ್ಲು ಹಾಸಿ, ಅದರ ಮೇಲೆ ಚಿಕ್ಕವ್ವ ತನ್ನ ಡಬ್ಬಿಯ ತುಪ್ಪಳವನ್ನೂ ಹರಡಿದ್ದಳು. ಎರಡು ದಿನ ನೋಡಿದರೂ ತಾಯಿ ಒಮ್ಮೆಯೂ ಪೆಟ್ಟಿಗೆಯೊಳಗೆ ಹೋಗಲಿಲ್ಲ. ನನ್ನ ಪತ್ನಿ ಆಕಳ ಹಾಲನ್ನು ಹತ್ತಿಯ ಬತ್ತಿಯಿಂದ ಕುಡಿಸಲು ಸಿದ್ಧಳಾದಳು. ಮೂರನೆಯ ದಿನ ಚಿಕ್ಕವ್ವ ಅವಳನ್ನು ತಡೆದಳು.

"ಅದು ಕುಡಸಾಕತ್ತೈತಿ. ನಸುಕಿನ್ಯಾಗ ಎದ್ದು ನಾ ನೋಡೀನಿ. ಒಂದ ಸಲ ಒಳಗ ಹೊಕ್ಕೊಂತೈತಿ, ಒಂದು ಎಲಿ ಅಡಿಕಿ ಹಾಕೊಳ್ಳೂದರಾಗ ಹೊರಗ ಬರತೈತಿ. ಮರಿಗಳ ಹೊಟ್ಟಿ ನೋಡ್ರಿ ಬೇಕಾದ್ರ."

ಮರಿಗಳ ಹೊಟ್ಟೆ ಡೊಳ್ಳಿನಂತಿತ್ತು. ಮೊಲ ದಿನಕ್ಕೆ ಒಂದೇ ಸಲ, ಅದೂ ಮೂರು ನಾಲ್ಕು ನಿಮಿಷ ಹಾಲೂಡುತ್ತದೆ ಎಂಬುದು ಪುಸ್ತಕಗಳಲ್ಲಿದೆ. ಬಿಲದ ಬಳಿ ಹೆಚ್ಚು ಸುಳಿದರೆ ನರಿ, ಕಾಡುಬೆಕ್ಕುಗಳಿಗೆ ಮರಿಗಳ ಸುಳಿವು ಸಿಕ್ಕೀತೆಂದು ತಾಯಿ ದೂರವೇ ಉಳಿಯುತ್ತದೆ. ಕಣ್ಣಿಲ್ಲದ ಮರಿ ಅಷ್ಟು ಕಡಿಮೆ ಹೊತ್ತಿನಲ್ಲಿ ಮೊಲೆಯನ್ನು ಹುಡುಕುವುದು ವಾಸನೆಯಿಂದ. ತಾಯಿಯ ಹಾಲಿನಲ್ಲಿರುವ ಆ ವಾಸನೆಯ ವಸ್ತುವನ್ನು ಫ್ರಾನ್ಸಿನ ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು. ಚಿಕ್ಕವ್ವ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವಳು ಇದನ್ನು ಕಂಡುಕೊಂಡದ್ದು ನಸುಕಿನಲ್ಲಿ ಚಳಿಗೆ ಸೆರಗು ಹೊದ್ದು ಬೇವಿನ ಮರದ ಕೆಳಗೆ ಕುಳಿತು.

ಎಲ್ಲವೂ ಹೀಗೆ ಚೆನ್ನಾಗಿಯೇ ನಡೆಯಲಿಲ್ಲ. ಎರಡನೆಯ ಸೂಲಿನಲ್ಲಿ ಉತ್ಸಾಹ ತಡೆಯದೆ ಹತ್ತನೆಯ ತರಗತಿಯ ನಲವತ್ತು ಮಕ್ಕಳನ್ನು ಸಾಲಾಗಿ ಕರೆತಂದು ಎರಡು ದಿನದ ಮರಿಗಳನ್ನು ತೋರಿಸಿದೆ. ಅಂದು ರಾತ್ರಿ ಗಾಬರಿಗೊಂಡ ತಾಯಿ ಎರಡು ಮರಿಗಳನ್ನು ಕಚ್ಚಿ ಕೊಂದಿತು. ಮಕ್ಕಳಿಗೆ ನಾನು ಆಗ ಹೇಳಲಿಲ್ಲ. ಆ ಸಾಲಿನಲ್ಲಿದ್ದವರು ಈಗ ಓದುತ್ತಿದ್ದರೆ, ತಪ್ಪು ನಿಮ್ಮದಲ್ಲ, ನನ್ನದು.

1995ರ ಬೇಸಿಗೆ ಬಂತು. ಫಿಬೊನಾಚಿಯ ಲೆಕ್ಕದಂತೆ ನಮ್ಮಲ್ಲಿ ಆ ಹೊತ್ತಿಗೆ ನೂರಾರು ಜೋಡಿ ಇರಬೇಕಾಗಿತ್ತು. ಇದ್ದವು ಒಟ್ಟು ಒಂಬತ್ತು ಮೊಲ. ಉಳಿದ ಮರಿಗಳನ್ನು ಬೆಕ್ಕು, ಭೇದಿ, ಬೇಡಿದ ನೆಂಟರು ಹಂಚಿಕೊಂಡಿದ್ದರು. ಮಾರ್ಚ್ ಕೊನೆಯಿಂದ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್‌ನಲ್ಲಿ ಬೆಳ್ಳಿಯನ್ನು ಗಂಡಿನ ಬಳಿ ಬಿಟ್ಟೆ. ಗಂಡು ಎಂದಿನಂತೆ ಕೂಗಿ ಬಿತ್ತು. ಗರ್ಭ ನಿಲ್ಲಲಿಲ್ಲ. ಹದಿನೇಳನೆಯ ದಿನ ಬೆಳ್ಳಿ ತುಪ್ಪಳ ಕಿತ್ತಿತು. ಮತ್ತೆ ಬಿಟ್ಟೆ. ಮತ್ತೆ ಅದೇ. ಮೂರನೆಯ ಸಲವೂ ಅದೇ.

ಮನೆಗೆ ಬಂದ ಒಬ್ಬ ರೈತ ಮಿತ್ರರು ಗೂಡಿನ ಮುಂದೆ ನಿಂತು ತೀರ್ಪು ಕೊಟ್ಟರು. "ಮಾಸ್ತರ್ರ, ಇದು ಬಂಜಿ ಆಗೇತಿ. ಸುಮ್ನ ಮೇವು ದಂಡ. ಕೊಟ್ಟ ಬಿಡ್ರಿ ಯಾರಿಗರ."

ನಾನು ತಲೆಯಾಡಿಸಿದೆ. ಅವರ ಹಳ್ಳಿಯಲ್ಲಿಯೇ ಒಬ್ಬರು ನಾಲ್ಕೈದು ಮೊಲ ಸಾಕಿಕೊಂಡಿದ್ದರು. ಮರುದಿನ ಬೆಳ್ಳಿಯನ್ನು ಬುಟ್ಟಿಯಲ್ಲಿ ಹಾಕಿ ಅವರ ಕೈಗೆ ಕೊಟ್ಟೆ. ಮಗಳು ಅತ್ತಳು. ಚಿಕ್ಕವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಗಂಡಿಂದು ಯಾಕ ನೋಡಲಿಲ್ಲ ತಮ್ಮಾ?" ಎಂದಳು.

"ಗಂಡು ಛಲೋ ಐತಿ ಚಿಕ್ಕವ್ವಾ. ಹೋದ ಸಲ ಅದರದ ಮರಿ ಹುಟ್ಟಿದ್ವಲ್ಲ" ಎಂದೆ.

"ಹೋದ ಸಲ ಇದಕ್ಕೂ ಹುಟ್ಟಿದ್ವು."

ಈ ತರ್ಕಕ್ಕೆ ಉತ್ತರವಿರಲಿಲ್ಲ. ಬಿಎಸ್ಸಿ, ಬಿಎಡ್ ಮಾಡಿದ, ಮಕ್ಕಳಿಗೆ ನಿಯಂತ್ರಿತ ಪ್ರಯೋಗವೆಂದರೇನೆಂದು ಪ್ರತಿವರ್ಷ ಹೇಳುವ ನಾನು ಎರಡರಲ್ಲಿ ಒಂದನ್ನೇ ಪರೀಕ್ಷಿಸಿ, ಅದನ್ನೇ ತಪ್ಪಿತಸ್ಥನೆಂದು ತೀರ್ಮಾನಿಸಿದ್ದೆ.

ಮೇ ತಿಂಗಳಿನಲ್ಲಿ ಉಳಿದ ಇನ್ನೆರಡು ಹೆಣ್ಣುಗಳಿಗೂ ಗರ್ಭ ನಿಲ್ಲದಿದ್ದಾಗ ಪಶುವೈದ್ಯರ ಬಳಿಗೆ ಹೋದೆ. ಅವರು ಹೆಣ್ಣುಗಳ ವಿಷಯ ಕೇಳಲೇ ಇಲ್ಲ. ಗಂಡಿನ ಗೂಡು ಎಲ್ಲಿದೆ ಎಂದು ಕೇಳಿದರು. ಅದು ಪಶ್ಚಿಮದ ಗೋಡೆಗೆ, ತಗಡಿನ ಕೆಳಗಿತ್ತು. ಬೇವಿನ ನೆರಳು ಹೆಣ್ಣುಗಳ ಗೂಡಿಗೆ ಮಾತ್ರ ಸಿಗುತ್ತಿತ್ತು. ಮೊಲ ಬೆವರುವ ಪ್ರಾಣಿಯಲ್ಲ. ಶಾಖವನ್ನು ಬಹುಪಾಲು ಕಿವಿಯಿಂದ, ಉಸಿರಿನಿಂದ ಹೊರಹಾಕಬೇಕು. ಮೂವತ್ತು ಡಿಗ್ರಿ ದಾಟಿದ ಬಿಸಿ ಹಲವು ದಿನ ನಿಂತರೆ ಗಂಡಿನ ವೀರ್ಯ ಕೆಡುತ್ತದೆ. ಆಸಕ್ತಿ ಉಳಿದಿರುತ್ತದೆ, ಬೆನ್ನೇರುತ್ತದೆ, ಕೂಗುತ್ತದೆ, ಬೀಳುತ್ತದೆ. ಹೊರಗಿನಿಂದ ನೋಡಿದವರಿಗೆ ಯಾವ ಕುಂದೂ ಕಾಣುವುದಿಲ್ಲ. ಹೊಸ ವೀರ್ಯ ತಯಾರಾಗಲು ಏಳು ವಾರದಷ್ಟು ಬೇಕಾದ್ದರಿಂದ ಮಳೆ ಬಿದ್ದು ತಂಪಾದ ಮೇಲೂ ಎರಡು ತಿಂಗಳು ಅದೇ ಸ್ಥಿತಿ. "ಹೆಣ್ಣಿಗೆ ಬಂಜಿ ಅಂತ ಹೆಸರು ಇಡೂ ಮೊದಲ ಇನ್ನೊಂದು ಗಂಡಿಗೆ ಬಿಟ್ಟು ನೋಡಬೇಕ್ರಿ ಸರ್" ಎಂದರು.

ಜುಲೈ ತಿಂಗಳಿನಲ್ಲಿ ಒಂದು ರವಿವಾರ ಸೈಕಲ್ ಏರಿ ಆ ಹಳ್ಳಿಗೆ ಹೋದೆ. ಬೆಳ್ಳಿ ಮಣ್ಣಿನ ಗೋಡೆಯ, ತಂಪಾದ ಒಂದು ಕೋಣೆಯಲ್ಲಿತ್ತು. ಅದರ ಪಕ್ಕದ ಪೆಟ್ಟಿಗೆಯಲ್ಲಿ ಹತ್ತು ದಿನದ ಏಳು ಮರಿಗಳಿದ್ದವು, ಆಗಷ್ಟೇ ಕಣ್ಣು ಬಿಡುತ್ತಿದ್ದವು.

ಸಂಜೆ ಮನೆಗೆ ಬಂದು ಚಿಕ್ಕವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಏಳ?" ಎಂದು ಒಮ್ಮೆ ಕೇಳಿ ಸುಮ್ಮನಾದಳು. ಆ ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು. ಅವಳ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಈಗ ಸಂಬಂಧಿಕರಿಗೆ ಗೊತ್ತಿರುವ, ಆದರೆ ನಾವು ಯಾರೂ ಆಡದ ಮಾತನ್ನು ಬರೆಯುತ್ತೇನೆ. ಚಿಕ್ಕವ್ವನಿಗೆ 1956ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಹಿರೇಕೆರೂರು ಕಡೆಯ ಒಂದು ಹಳ್ಳಿಗೆ ಮದುವೆಯಾಯಿತು. ಏಳು ವರ್ಷ ಮಕ್ಕಳಾಗಲಿಲ್ಲ. ಹರಕೆ, ಉಪವಾಸ, ನಾಟಿ ಔಷಧಿ, ತಾಯಿತ ಎಲ್ಲವೂ ಆದವು, ಎಲ್ಲವೂ ಅವಳಿಗೇ. 1963ರಲ್ಲಿ ಒಂದು ಟ್ರಂಕಿನೊಂದಿಗೆ ಅವಳನ್ನು ನಮ್ಮ ಮನೆಗೆ ತಂದು ಬಿಟ್ಟುಹೋದರು. ಮುಂದಿನ ವರ್ಷವೇ ಆತ ಮತ್ತೊಂದು ಮದುವೆಯಾದ. ಹೆಂಡತಿ ಬದುಕಿರುವಾಗ ಮತ್ತೊಂದು ಮದುವೆ ಕೂಡದೆಂದು 1955ರ ಹಿಂದೂ ವಿವಾಹ ಕಾಯ್ದೆ ಬಂದಿತ್ತು. ಯಾರೂ ಕೇಳಲಿಲ್ಲ, ನಮ್ಮ ಮನೆಯವರೂ ಕೇಳಲಿಲ್ಲ. ಎರಡನೆಯವಳಿಗೂ ಮಕ್ಕಳಾಗಲಿಲ್ಲ. ಕೆಲವು ವರ್ಷ ಬಿಟ್ಟು ಮೂರನೆಯದಾಯಿತು. ಅವಳಿಗೂ ಆಗಲಿಲ್ಲ. ಕೊನೆಗೆ ಆತ ಅಣ್ಣನ ಮಗನನ್ನು ದತ್ತಕ ತೆಗೆದುಕೊಂಡ. ಮೂವರು ಹೆಂಗಸರು ಬಂಜೆಯರೆನಿಸಿಕೊಂಡರು.

ಮಕ್ಕಳಾಗದಿರುವ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆಂದು ಇಂದು ಯಾವ ವೈದ್ಯರಾದರೂ ಹೇಳುತ್ತಾರೆ. ಅದನ್ನು ತಿಳಿಯಲು ಬೇಕಾದದ್ದು ಒಂದು ಸಣ್ಣ ಪರೀಕ್ಷೆ. 1963ರಲ್ಲಿ ನಾನು ನಾಲ್ಕು ವರ್ಷದವನು, ಅದಕ್ಕೆ ನಾನು ಹೊಣೆಯಲ್ಲ. ಆದರೆ 1989ರಲ್ಲಿ ನಾನು ಮೂವತ್ತರ ವಿಜ್ಞಾನದ ಅಧ್ಯಾಪಕ. ಆ ವರ್ಷ ನನ್ನ ಮಗಳನ್ನು ತೊಟ್ಟಿಲಲ್ಲಿ ಹಾಕುವ ದಿನ, ಐದು ಜನ ಮುತ್ತೈದೆಯರು ತೊಟ್ಟಿಲ ಸುತ್ತ ನಿಂತಾಗ, ಮಗುವನ್ನು ನಲವತ್ತು ದಿನ ಎಣ್ಣೆ ಹಚ್ಚಿ ಎರೆದಿದ್ದ ಚಿಕ್ಕವ್ವ ಅಡುಗೆಮನೆಯಲ್ಲಿದ್ದಳು. "ಈಗ ಹೊರಗ ಬರಬ್ಯಾಡ" ಎಂದು ನನ್ನ ತಾಯಿಯೇ ಅವಳಿಗೆ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ಹೊರಗೆ ಜನ ಕಾದಿದ್ದರು, ಖಾರಾ ಮತ್ತು ಬೂಂದಿ ಹಂಚಬೇಕಾಗಿತ್ತು. ನಾನು ತಟ್ಟೆ ಹಿಡಿದು ಹೊರನಡೆದೆ.

ರೊಟ್ಟಿ ಸೀದ ಆ ರಾತ್ರಿ ಊಟವಾದ ಮೇಲೆ ಹಿತ್ತಲಿನ ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತೆ. ಏನು ಹೇಳಬೇಕೆಂದು ತಿಳಿಯದೆ ವೈದ್ಯರು ಹೇಳಿದ್ದನ್ನೇ ಪಾಠದಂತೆ ಒಪ್ಪಿಸಿದೆ: ಶಾಖ, ವೀರ್ಯ, ಏಳು ವಾರ. ಮೊಲದಿಂದ ಮನುಷ್ಯನಿಗೆ ಮಾತು ಹೊರಳಿದ್ದು ಯಾವಾಗ ಎಂದು ನನಗೇ ಗೊತ್ತಾಗಲಿಲ್ಲ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ನನಗ ಗೊತ್ತಿತ್ತು ತಮ್ಮಾ. ಎರಡನೇದಾಕಿಗೂ ಆಗಲಿಲ್ಲ ಅಂದಾಗನ ಗೊತ್ತಾತು. ಯಾರರ ಒಬ್ರು ಬಂದು ಹೇಳ್ತಾರೇನೋ ಅಂತ ನೋಡಿದ್ನಿ."

ಇಷ್ಟು ಹೇಳಿ ಎಲೆ ಬಾಯಿಗಿಟ್ಟುಕೊಂಡಳು. ಮೂವತ್ತು ವರ್ಷ ಅವಳು ಹಾಗೆ ನೋಡಿದ್ದಳು. ನನ್ನ ಬಾಯಿಂದ ಬಂದದ್ದು "ಬೆಳ್ಳೀನ ತಿರುಗಿ ತರಲೇನು?" ಎಂಬ ಮಾತು ಮಾತ್ರ.

"ಬ್ಯಾಡ. ಅಲ್ಲಿ ಆರಾಮ ಐತೆಲ್ಲ, ಇರಲಿ" ಎಂದಳು.

ಎರಡು ವರ್ಷದ ನಂತರ ನನ್ನ ಮಗನನ್ನು ತೊಟ್ಟಿಲಲ್ಲಿ ಹಾಕುವಾಗ ಮೊದಲು ಚಿಕ್ಕವ್ವನ ಉಡಿಗೆ ಕೊಟ್ಟೆವು. ನನ್ನ ತಾಯಿ ಎರಡು ದಿನ ಮಾತು ಬಿಟ್ಟಳು. ಬಂದವರಲ್ಲಿ ಕೆಲವರು ಉಣ್ಣದೆ ಹೋದರು. ಚಿಕ್ಕವ್ವನಿಗೆ ಅದರಿಂದ ಸಂತೋಷವಾಯಿತೋ ಇಲ್ಲವೋ ನಾನು ಹೇಳಲಾರೆ. ಮಗುವನ್ನು ಹಿಡಿದುಕೊಂಡಿದ್ದಾಗ ಅವಳ ಕೈ ನಡುಗುತ್ತಿತ್ತು, ಬೇಗನೆ ತಿರುಗಿ ನನ್ನ ಪತ್ನಿಯ ಕೈಗೆ ಕೊಟ್ಟುಬಿಟ್ಟಳು. ಅವಳು 2009ರಲ್ಲಿ ತೀರಿಕೊಂಡಳು.

ಮೊಲಗಳನ್ನು 1998ರಲ್ಲಿ ಬಿಟ್ಟೆವು. ಒಂದು ರೋಗ ಬಂದು ವಾರದಲ್ಲಿ ಅರ್ಧ ಸತ್ತವು. ಉಳಿದವನ್ನು ಬೆಳ್ಳಿಯಿದ್ದ ಮನೆಗೇ ಕೊಟ್ಟೆ.

ಬಂಕಾಪುರದ ವಿದ್ಯಾರ್ಥಿ ನಿನ್ನೆ ಮತ್ತೆ ದೂರವಾಣಿ ಮಾಡಿದ್ದ. ನಾನು ಹೇಳಿದಂತೆ ಹೆಣ್ಣನ್ನು ಗಂಡಿನ ಗೂಡಿಗೆ ಬಿಟ್ಟನಂತೆ, ಜಗಳವಾಗಲಿಲ್ಲವಂತೆ. "ಆದ್ರ ಸರ್, ಇನ್ನೊಂದು ಹೆಣ್ಣು ಐತಿ. ಎರಡು ಸಲ ಬಿಟ್ಟೀನಿ, ಗಬ್ಬ ನಿಂತಿಲ್ಲ. ಅದನ್ನ ಮಾರಿ ಬಿಡ್ಲೇನ್ರಿ?"

"ಗಂಡಿನ ಗೂಡು ಎಲ್ಲಿ ಇಟ್ಟಿದ್ದಿ?" ಎಂದು ಕೇಳಿದೆ.

"ಮ್ಯಾಳಗಿ ಮ್ಯಾಲರಿ, ತಗಡಿನ ಶೆಡ್ಡಿನ್ಯಾಗ."

ಮೊದಲು ಅದನ್ನು ಕೆಳಗೆ ನೆರಳಿಗೆ ತಾ, ಗೋಣಿತಟ್ಟು ತೋಯಿಸಿ ಸುತ್ತ ಇಳಿಬಿಡು, ಎರಡು ತಿಂಗಳು ಕಾಯಿ, ಇಲ್ಲವೇ ಬೇರೆ ಗಂಡಿಗೆ ಬಿಟ್ಟು ನೋಡು, ಅಲ್ಲಿಯವರೆಗೆ ಹೆಣ್ಣನ್ನು ಮಾರಬೇಡ ಎಂದೆ. ಅವನು ಆಗಲಿ ಎಂದ. ಮಾರನೆಯ ದಿನ ಬೆಳಿಗ್ಗೆ, ಗೂಡನ್ನು ಬಾವಿಯ ಪಕ್ಕದ ಹುಣಸೆ ಮರದ ಕೆಳಗೆ ಇಳಿಸಿದ ಚಿತ್ರವನ್ನು ಕಳಿಸಿದ್ದಾನೆ. ಒಂದು ಕಡೆ ಗೋಣಿತಟ್ಟು ಗಿಡ್ಡಾಗಿದೆ. ಇನ್ನೊಂದು ಚೀಲ ಹೊಲಿದು ಜೋಡಿಸೆಂದು ಹೇಳಬೇಕು.